ಅಪ್ಪನ ಬ್ಲಾಕು, ಅವ್ವನ ಬ್ಲಾಕು

ಚಂದ್ರಾ ಲೇಔಟ್, ಬೆಂಗಳೂರು
11-1-2009, ಭಾನುವಾರ

ಪ್ರೀತಿಯ ತಮ್ಮ ರುದ್ರೇಶನಿಗೆ,

ನಿನ್ನ ಅಕ್ಕ ನೀಲಾಂಬಿಕಾ ಬರೆಯುತ್ತಿದ್ದೇನೆ. ಲಕೋಟೆಯ ಹಿಂದಿನ ಹೆಸರು ನೋಡಿಯೂ ಇದನ್ನು ಒಡೆದು ಓದುತ್ತಿದ್ದರೆ ಸಂತೋಷ. ಮೈಯಲ್ಲಿ ಆರಾಮಾಗಿದ್ದೀಯೆ? ಗದಗದ ನೀರು ಒಗ್ಗಿತೆ? ಊಟಕ್ಕೆ ಖಾನಾವಳಿಗೆ ಹೋಗುತ್ತೀಯೋ, ನೀನೇ ಏನಾದರೂ ಮಾಡಿಕೊಳ್ಳುತ್ತೀಯೋ? ಬೆಳಗ್ಗೆ ಎದ್ದ ಕೂಡಲೇ ಬರುತ್ತಿದ್ದ ಆ ಒಣಕೆಮ್ಮು ಈಗ ಹೇಗಿದೆ? ಇದನ್ನೆಲ್ಲ ಕೇಳುವ ಅಧಿಕಾರ ನನಗೆ ಉಳಿದಿದೆಯೋ ಇಲ್ಲವೋ ಗೊತ್ತಿಲ್ಲ, ಆದರೂ ಕೇಳಿದ್ದೇನೆ. ನಿನ್ನ ವಿಳಾಸ ಕೊಟ್ಟವನು ರಾಜಾಜಿನಗರದ ನಿನ್ನ ಹಳೆಯ ಪ್ರೆಸ್ಸಿನ ಮುತ್ತುರಾಜ. "ಅಕ್ಕ, ನಾನ್ ಕೊಟ್ಟೆ ಅಂತ ಮಾತ್ರ ಅವನಿಗೆ ಹೇಳ್ಬೇಡಿ" ಎಂದಿದ್ದ. ಹೇಳಿಬಿಟ್ಟೆ, ಅವನ ಮೇಲೆ ಸಿಟ್ಟಾಗಬೇಡ. ಅವನು ಅದನ್ನು ಬರೆದುಕೊಟ್ಟು ಹನ್ನೊಂದು ತಿಂಗಳಾದವು. ಅಷ್ಟು ದಿನವೂ ಆ ಚೀಟಿ ನನ್ನ ಬ್ಯಾಗಿನಲ್ಲಿ ಬಸ್ ಪಾಸಿನ ಜೊತೆ ಆಸ್ಪತ್ರೆಗೆ ಹೋಗಿ ಬರುತ್ತಿತ್ತು.

ನಿನ್ನ ಭಾವ ಬಸವೇಶ್ವರನಗರದ ಅದೇ ಶಾಲೆಗೆ ಅದೇ ಸ್ಕೂಟರಿನಲ್ಲಿ ಹೋಗಿ ಬರುತ್ತಿದ್ದಾರೆ. ಮಗಳು ಶಿವಾನಿ ಈಗ ಸೆಕೆಂಡ್ ಪಿಯುಸಿ, ಮಾರ್ಚಿನಲ್ಲಿ ಪರೀಕ್ಷೆ. ಅವಳ ರೆಕಾರ್ಡ್ ಪುಸ್ತಕಗಳಿಗೆ ಈ ವರ್ಷ ಅಂಗಡಿಯಲ್ಲಿ ಬೈಂಡ್ ಹಾಕಿಸಿದೆವು. ರುದ್ರ ಮಾವ ಹಾಕುತ್ತಿದ್ದ ಹಾಗೆ ನೆಟ್ಟಗಿಲ್ಲ ಎಂದು ಮೂರು ದಿನ ಗೊಣಗಿದಳು. ಅವ್ವ ನಮ್ಮ ಜೊತೆಯಲ್ಲೇ ಇದ್ದಾಳೆ, ಮುಂದಿನ ಕೋಣೆಯಲ್ಲಿ. ನೀನು ಹೋದ ಮೇಲೆ ಬಿನ್ನಿಪೇಟೆಯ ಮನೆಯಲ್ಲಿ ಅವಳೊಬ್ಬಳೇ ಇರುವಂತಿರಲಿಲ್ಲ, ಅದನ್ನು ಫೆಬ್ರವರಿಯಲ್ಲೇ ಖಾಲಿ ಮಾಡಿದೆವು. ನಿನ್ನ ಬಟ್ಟೆ ಪುಸ್ತಕಗಳು ಎರಡು ಟ್ರಂಕಿನಲ್ಲಿ ನಮ್ಮ ಅಟ್ಟದ ಮೇಲಿವೆ. ಯಾವುದನ್ನೂ ಯಾರಿಗೂ ಕೊಟ್ಟಿಲ್ಲ.

ಅವ್ವನ ವಿಷಯ ಹೇಳುವ ಮೊದಲು ಆ ದಿನದ ಮಾತು ಬರೆಯಬೇಕು. ನನ್ನ ನೆನಪಿನಲ್ಲಿ ಹೇಗಿದೆಯೋ ಹಾಗೆ ಬರೆಯುತ್ತೇನೆ. 2007ರ ಡಿಸೆಂಬರ್ ಕೊನೆಯ ವಾರ. ಅದಕ್ಕೆ ಮೊದಲು ಮೂರು ತಿಂಗಳು ಟಿ.ಬಿ. ಎಂದುಕೊಂಡು ಅವ್ವನಿಗೆ ಆ ಮಾತ್ರೆಗಳನ್ನೇ ನುಂಗಿಸಿದ್ದೆವು. ಕೆಮ್ಮು ನಿಲ್ಲದಿದ್ದಾಗ ನಾನು ಕೆಲಸ ಮಾಡುವ ಆಸ್ಪತ್ರೆಗೇ ಕರೆತಂದು, ಎದೆಯೊಳಗಿನ ಗಂಟಿನಿಂದ ಸೂಜಿಯಲ್ಲಿ ಚೂರು ತೆಗೆಸಿ ಪರೀಕ್ಷೆ ಮಾಡಿಸಿದೆ. ರಿಪೋರ್ಟು ನನ್ನ ಕೈಗೇ ಬಂತು, ಕ್ಯಾನ್ಸರ್ ಎಂದಿತ್ತು. ನೀನು ಪ್ರೆಸ್ಸಿನಿಂದ ನೇರ ಬಂದಿದ್ದೆ, ಉಗುರಿನ ಸಂದಿಯಲ್ಲಿ ನೀಲಿ ಮಸಿ ಹಾಗೇ ಇತ್ತು. ಎಕ್ಸ್‌ರೇ ಕೋಣೆಯ ಎದುರಿನ ಬೆಂಚಿನಲ್ಲಿ ಹತ್ತು ಹದಿನೈದು ಜನ ಕೂತಿದ್ದರು. ನಿನ್ನ ಷರ್ಟಿನ ಜೇಬಿನಲ್ಲಿ ಸಿಗರೇಟಿನ ಪ್ಯಾಕು ಕಾಣುತ್ತಿತ್ತು. ಅದನ್ನು ನೋಡಿಕೊಂಡೇ ನಾನು ಹೇಳಿದೆ: "ಅಪ್ಪನ್ನ ಬೀಡಿ ತಿಂತು, ಅವ್ವನ್ನ ನೀನು ತಿಂದೆ. ಇಪ್ಪತ್ತು ವರ್ಷ ಅದೇ ಕೋಣೇಲಿ ಕೂತು ಊದಿದೆಯಲ್ಲೋ. ಇನ್ನು ಅವಳ ಕಣ್ಣಿಗೆ ಬೀಳ್ಬೇಡ." ಬೆಂಚಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ನೀನು ಜಗಳವಾಡಲಿಲ್ಲ. "ಸರಿ ಅಕ್ಕ" ಎಂದೆ, ಮನೆಯ ಬೀಗದ ಕೈ ನನ್ನ ಕೈಗಿಟ್ಟು ಮೆಟ್ಟಿಲಿಳಿದು ಹೋದೆ. ಎಂಟು ದಿನದಲ್ಲಿ ಊರು ಬಿಟ್ಟೆ, ಮೊಬೈಲ್ ನಂಬರೂ ಬದಲಾಯಿತು.

ನಾನು ಇಪ್ಪತ್ತೆರಡು ವರ್ಷದಿಂದ ಇಂಥ ಚೂರುಗಳನ್ನು ಪರೀಕ್ಷೆಗೆ ಸಿದ್ಧ ಮಾಡುವ ಕೆಲಸದಲ್ಲಿರುವವಳು. ಯಾವ ಕಾಯಿಲೆ ಯಾಕೆ ಬಂತು ಎಂದು ಡಾಕ್ಟರುಗಳೇ ಹೇಳಲು ಹಿಂಜರಿಯುವುದನ್ನು ದಿನಾ ನೋಡುತ್ತೇನೆ. ಆದರೂ ಅಂದು ನನಗೆ ಕಾರಣ ಬೇಕಾಗಿತ್ತು, ಅದು ಜೇಬಿನಲ್ಲಿ ಪ್ಯಾಕು ಇಟ್ಟುಕೊಂಡು ಎದುರಿಗೇ ನಿಂತಿತ್ತು. ಆಮೇಲೆ ಯೋಚಿಸಿದಾಗ ಲೆಕ್ಕಕ್ಕೆ ಬಂದ ಹೊಗೆಗಳು ಇನ್ನೂ ಇದ್ದವು. ಮದುವೆಯಾಗಿ ದಾವಣಗೆರೆಯಿಂದ ಬಂದ ದಿನದಿಂದ ಅಪ್ಪ ತೀರಿಕೊಳ್ಳುವವರೆಗೆ ಅವ್ವ ಇಪ್ಪತ್ತಾರು ವರ್ಷ ಅಪ್ಪನ ಬೀಡಿಯ ಪಕ್ಕದಲ್ಲೇ ಮಲಗಿದವಳು. ಗ್ಯಾಸ್ ಬರುವವರೆಗೆ ಆ ಕಿಟಕಿಯಿಲ್ಲದ ಅಡುಗೆಮನೆಯಲ್ಲಿ ಮರದ ಹೊಟ್ಟಿನ ಒಲೆ ಉರಿಸಿದವಳು. ನಾನು ಅಪ್ಪನ ಮೇಲೆ ಒಂದು ದಿನವೂ ಸಿಟ್ಟಾಗಲಿಲ್ಲ. ಅವನು ಬಿನ್ನಿ ಮಿಲ್ಲಿನ ಮಗ್ಗದ ಮುಂದೆ ದಿನವಿಡೀ ನಿಂತು ಬಂದು ಸೇದುವ ಬೀಡಿ ನನಗೆ ಅವನ ವಾಸನೆಯೇ ಆಗಿತ್ತು. ನೀನು ಹದಿನೆಂಟಕ್ಕೆ ಶುರು ಮಾಡಿದ್ದು ಅವನ ಕಟ್ಟಿನಿಂದ ಕದ್ದ ಬೀಡಿಯಿಂದಲೇ. ಸತ್ತವನನ್ನು ಬಯ್ಯಲು ಬರುವುದಿಲ್ಲ, ನಿನ್ನನ್ನು ಬಯ್ದೆ.

ಅವ್ವನಿಗೆ ಜನವರಿಯಿಂದ ಮಾರ್ಚಿನವರೆಗೆ ಡ್ರಿಪ್ಪಿನಲ್ಲಿ ಔಷಧ ಕೊಟ್ಟರು. ಕೂದಲು ಉದುರಿತು, ನಾಲಿಗೆ ಹುಣ್ಣಾಯಿತು, ಗಂಟು ಮಾತ್ರ ಇದ್ದಲ್ಲೇ ಇತ್ತು. ಆ ಹೊತ್ತಿಗೆ ನಮ್ಮ ವಿಭಾಗದ ಡಾಕ್ಟರ್ ಉಮಾಶ್ರೀ ಅವರು ಒಂದು ಅಧ್ಯಯನ ಶುರು ಮಾಡಿದ್ದರು. ಶ್ವಾಸಕೋಶದ ಕ್ಯಾನ್ಸರ್ ಆದ ನಲವತ್ತು ಜನ. ಅರ್ಧ ಬೀಡಿ ಸಿಗರೇಟು ಸೇದಿದವರು, ಅರ್ಧ ಯಾವತ್ತೂ ಸೇದದವರು. ಅವರ ಗಡ್ಡೆಯ ಚೂರುಗಳಲ್ಲಿ ವಂಶವಾಹಿ, ಅಂದರೆ ಜೀನು, ಎಲ್ಲಿ ಹೇಗೆ ಕೆಟ್ಟಿದೆ ಎಂದು ಹೊರಗಿನ ಒಂದು ಲ್ಯಾಬಿಗೆ ಕಳಿಸಿ ನೋಡುವುದು. ಅವ್ವನದನ್ನೂ ಸೇರಿಸೋಣ, ಅದರಿಂದ ಚಿಕಿತ್ಸೆಗೂ ದಾರಿ ಸಿಗಬಹುದು ಎಂದರು. ಅವ್ವ ಕಾಗದದ ಮೇಲೆ ನಿಧಾನವಾಗಿ ಶಿವಗಂಗಮ್ಮ ಎಂದು ರುಜು ಹಾಕಿದಳು. ಆಮೇಲೆ ಅವರು ಹಳೆಯ ದಾಸ್ತಾನಿನ ಪಟ್ಟಿ ನೋಡುತ್ತ, 1988ರಲ್ಲಿ ಆಪರೇಷನ್ ಆದ ಸಿದ್ದಬಸಪ್ಪ ಎಂಬುವರು ನಿಮಗೇನಾಗಬೇಕು ಎಂದು ಕೇಳಿದರು. ನಮ್ಮ ತಂದೆ ಎಂದೆ. ಹಾಗಾದರೆ ಅವರದನ್ನು ಬಳಸಲು ಮನೆಯವರ ಒಪ್ಪಿಗೆ ಬೇಕು ಎಂದರು. ನಾನೊಬ್ಬಳೇ ರುಜು ಹಾಕಿದೆ. ನಿನ್ನನ್ನೂ ಕೇಳಬೇಕಿತ್ತು, ನೀನೂ ಮಗನೇ. ಕೇಳಲಿಲ್ಲ.

ನನ್ನ ಕೆಲಸ ಏನೆಂದು ನೀನು ಯಾವತ್ತೂ ಸರಿಯಾಗಿ ಕೇಳಿಲ್ಲ, ಈಗ ಹೇಳುತ್ತೇನೆ. ದೇಹದಿಂದ ತೆಗೆದ ಚೂರನ್ನು ಮೇಣದಲ್ಲಿ ಹುದುಗಿಸಿ ಬೆಂಕಿಪೊಟ್ಟಣಕ್ಕಿಂತ ಚಿಕ್ಕದಾದ ಅಚ್ಚು ಮಾಡುತ್ತೇವೆ. ಅದಕ್ಕೆ ಬ್ಲಾಕು ಎನ್ನುತ್ತೇವೆ. ಅದನ್ನು ಐಸಿನ ಮೇಲಿಟ್ಟು ತಣ್ಣಗಾಗಿಸಿ, ಬ್ಲೇಡಿರುವ ಯಂತ್ರಕ್ಕೆ ಕೂರಿಸಿ ಚಕ್ರ ತಿರುಗಿಸಿದರೆ ಈರುಳ್ಳಿ ಪೊರೆಗಿಂತ ತೆಳ್ಳನೆಯ ಪದರಗಳು ರಿಬ್ಬನ್ನಿನಂತೆ ಸಾಲಾಗಿ ಬರುತ್ತವೆ. ಅಪ್ಪನ ಬ್ಲಾಕು ಮೊದಲ ಸಲ ಬಂದಾಗ ನಾನು ಕೆಲಸಕ್ಕೆ ಸೇರಿ ಎರಡು ವರ್ಷವಾಗಿತ್ತು. ನನ್ನ ಮೇಲಿದ್ದ ದೊಡ್ಡಹನುಮಯ್ಯನವರು ಚೀಟಿ ಓದಿ ಅದನ್ನು ನನ್ನ ಕೈಯಿಂದ ತೆಗೆದುಕೊಂಡು, "ಇದು ನೀನು ಮಾಡೋದಲ್ಲಮ್ಮ, ಹೋಗಿ ಟೀ ಕುಡ್ಕೊಂಡ್ ಬಾ" ಎಂದಿದ್ದರು. ಅವರು ನಿವೃತ್ತರಾಗಿ ಎಷ್ಟೋ ಕಾಲವಾಯಿತು. ಈ ಸಲ ನನ್ನನ್ನು ಟೀಗೆ ಕಳಿಸುವವರು ಯಾರೂ ಇರಲಿಲ್ಲ, ನನಗೂ ಬೇರೆಯವರ ಕೈಗೆ ಕೊಡಲು ಮನಸ್ಸಾಗಲಿಲ್ಲ.

ಅಪ್ಪನ ಮೇಣ ಇಪ್ಪತ್ತು ವರ್ಷಕ್ಕೆ ಹಳದಿಯಾಗಿ ಅಂಚಿನಲ್ಲಿ ಸ್ವಲ್ಪ ಬಿರಿದಿತ್ತು. ಒಳಗಿನ ಚೂರು ಹೆಬ್ಬೆರಳಿನ ಉಗುರಿನಷ್ಟು, ಅದರಲ್ಲಿ ಕಪ್ಪು ಚುಕ್ಕೆಗಳು. ಅವ್ವನದು ಅಕ್ಕಿಕಾಳಿನಷ್ಟು ಚಿಕ್ಕದು, ಅದರಲ್ಲೂ ಒಂದೆರಡು ಕಪ್ಪು ಚುಕ್ಕೆಗಳಿದ್ದವು. ಪೇಟೆಯಲ್ಲಿ ಬದುಕಿದವರೆಲ್ಲರ ಶ್ವಾಸಕೋಶದಲ್ಲೂ ಅಷ್ಟಿಷ್ಟು ಇರುತ್ತವೆ. ಅಪ್ಪನದಕ್ಕೆ ಹದಿನೇಳನೆಯ ನಂಬರು, ಅವ್ವನದಕ್ಕೆ ಮೂವತ್ತೊಂದು. ಹೆಸರು ಹಾಕುವಂತಿರಲಿಲ್ಲ. ಬೆಳಗ್ಗೆ ಹತ್ತೂವರೆಗೆ ಶುರು ಮಾಡಿ ಹನ್ನೆರಡಕ್ಕೆ ಎರಡನ್ನೂ ಮುಗಿಸಿದೆ. ರಿಬ್ಬನ್ ಎಲ್ಲೂ ಹರಿಯಲಿಲ್ಲ. ಅಳು ಬಂತೇ ಎಂದು ನಿನ್ನ ಭಾವ ಆಮೇಲೆ ಕೇಳಿದರು. ಬರಲಿಲ್ಲ. ಚೂರು ಕಡಿಮೆ ಇದೆ, ಹಾಳು ಮಾಡಬಾರದು ಎಂಬುದಷ್ಟೇ ತಲೆಯಲ್ಲಿತ್ತು.

ಹೊಗೆಗೂ ಜೀನಿಗೂ ಏನು ಸಂಬಂಧ ಎಂದು ನಾನು ಉಮಾಶ್ರೀ ಅವರನ್ನು ಕೇಳಿ ತಿಳಿದುಕೊಂಡೆ. ಅಚ್ಚಿನ ಕೆಲಸ ಬಲ್ಲ ನಿನಗೆ ನನಗಿಂತ ಬೇಗ ಅರ್ಥವಾದೀತು. ನಮ್ಮ ಒಂದೊಂದು ಜೀವಕೋಶದಲ್ಲೂ ನಾಲ್ಕೇ ಅಕ್ಷರಗಳಲ್ಲಿ ಬರೆದ ಬಹಳ ಉದ್ದದ ಬರವಣಿಗೆ ಇದೆ. ಕೋಶ ಒಂದು ಎರಡಾಗುವಾಗಲೆಲ್ಲ ಅಷ್ಟನ್ನೂ ಪ್ರತಿ ಮಾಡಬೇಕು. ತಂಬಾಕಿನ ಹೊಗೆಯಲ್ಲಿರುವ ಕೆಲವು ರಾಸಾಯನಿಕಗಳು ಆ ಅಕ್ಷರಗಳಿಗೆ ಅಂಟಿಕೊಳ್ಳುತ್ತವೆ. ಆಗ ಪ್ರತಿ ಮಾಡುವಾಗ ಒಂದು ಅಕ್ಷರದ ಜಾಗದಲ್ಲಿ ಇನ್ನೊಂದು ಕೂತುಬಿಡುತ್ತದೆ. ಹೆಚ್ಚಿನವನ್ನು ದೇಹವೇ ತಿದ್ದಿಕೊಳ್ಳುತ್ತದೆ. ಉಳಿದವುಗಳಲ್ಲೂ ಬಹುಪಾಲಿನಿಂದ ಏನೂ ಆಗುವುದಿಲ್ಲ. ಆದರೆ ವರ್ಷಗಟ್ಟಲೆ ತಪ್ಪು ಬೀಳುತ್ತಲೇ ಇದ್ದರೆ ಯಾವತ್ತೋ ಒಂದೆರಡು ಬೀಳಬಾರದ ಕಡೆ ಬಿದ್ದು, ಬೆಳೆಯುವುದನ್ನು ಎಲ್ಲಿ ನಿಲ್ಲಿಸಬೇಕು ಎಂಬುದು ಆ ಕೋಶಕ್ಕೆ ತಿಳಿಯದೆ ಹೋಗುತ್ತದೆ. ಸೇದಿದವರ ಗಡ್ಡೆಯಲ್ಲಿ ಇಂಥ ತಪ್ಪುಗಳು ಹೆಚ್ಚು, ಅದರಲ್ಲೂ ಒಂದು ಅಕ್ಷರ ಹೋಗಿ ಮತ್ತೊಂದು ಬಂದಿರುವ ಒಂದು ಬಗೆ ಮತ್ತೆ ಮತ್ತೆ ಕಾಣುತ್ತದೆ. ಸೇದದವರಲ್ಲಿ ಕಾಣುವ ತಪ್ಪುಗಳೇ ಬೇರೆ. ಇವು ಗಡ್ಡೆಯೊಳಗೆ ಆಮೇಲೆ ಆದವು, ಹುಟ್ಟಿನಿಂದ ಬಂದವಲ್ಲ, ಹಾಗಾಗಿ ನಿನಗೂ ನನಗೂ ಶಿವಾನಿಗೂ ಅಪ್ಪ ಅವ್ವನಿಂದ ಇಳಿದು ಬರುವಂಥವಲ್ಲ ಎಂದರು.

ಫಲಿತಾಂಶ ಏಪ್ರಿಲ್ ಕೊನೆಗೆ ಬಂತು. ಉಮಾಶ್ರೀ ಅವರು ಮಧ್ಯಾಹ್ನ ನನ್ನನ್ನು ಕರೆದು ಕೂರಿಸಿ ಹಾಳೆಯನ್ನು ನನ್ನ ಕಡೆ ತಿರುಗಿಸಿದರು. ಈಗ ಬರೆಯುವುದನ್ನು ನಾನು ಯಾರಿಗೂ ಹೇಳಿಲ್ಲ, ನಿನ್ನ ಭಾವನಿಗೂ. ಮೂವತ್ತೊಂದನೆಯ ಸಾಲು ಹುಡುಕುವಾಗ, ಅಲ್ಲಿ ಹೊಗೆಯ ಗುರುತೇ ಇರಲಿ ಎಂದು ನನ್ನ ಮನಸ್ಸು ಬಯಸಿತ್ತು. ಹಾಗಿದ್ದರೆ ನಾನು ನಿನಗೆ ಆಡಿದ ಮಾತು ನಿಜವಾಗುತ್ತಿತ್ತು. ಅವ್ವನಿಗೆ ಔಷಧ ಸಿಗುವಂಥ ತಪ್ಪು ಇರಲಿ ಎಂದು ಬಯಸುವುದು ಬಿಟ್ಟು ಹಾಗೆ ಬಯಸಿದೆ. ಎರಡು ಮೂರು ಕ್ಷಣವಷ್ಟೇ ಇರಬೇಕು, ಆದರೆ ಬಯಸಿದ್ದಂತೂ ನಿಜ.

ಹದಿನೇಳರಲ್ಲಿ, ಅಂದರೆ ಅಪ್ಪನದರಲ್ಲಿ, ಹೊಗೆಯ ಗುರುತಿತ್ತು. ಸೇದುವವರಲ್ಲಿ ಮತ್ತೆ ಮತ್ತೆ ಸಿಗುವ ಅದೇ ಅಕ್ಷರ ಬದಲಾವಣೆ. ಮೂವತ್ತೊಂದರಲ್ಲಿ ಅದಿರಲಿಲ್ಲ. ಅಲ್ಲಿ ಬೇರೆ ಜೀನಿನಲ್ಲಿ ಹದಿನೈದು ಅಕ್ಷರಗಳು ಪೂರ್ತಿ ಬಿಟ್ಟುಹೋಗಿದ್ದವು, ನಿಮ್ಮಲ್ಲಿ ಅಚ್ಚುಮೊಳೆ ಜೋಡಿಸುವಾಗ ಒಂದು ಪದವೇ ತಪ್ಪಿಹೋಗುತ್ತಿತ್ತಲ್ಲ ಹಾಗೆ. ಇದು ಹೆಚ್ಚಾಗಿ ಯಾವತ್ತೂ ಸೇದದವರಲ್ಲಿ, ಅದರಲ್ಲೂ ಹೆಂಗಸರಲ್ಲಿ ಸಿಗುತ್ತದಂತೆ. ಒಂದೇ ಕೋಣೆಯಲ್ಲಿ ಇಪ್ಪತ್ತಾರು ವರ್ಷ ಉಸಿರಾಡಿದ ಗಂಡ ಹೆಂಡತಿ, ಒಂದೇ ಹೆಸರಿನ ಕಾಯಿಲೆ, ಒಳಗೆ ನೋಡಿದರೆ ಎರಡೂ ಬೇರೆ ಬೇರೆ.

ನಾನು ಆಗ ನನ್ನ ತಮ್ಮನ ವಿಷಯವನ್ನೆಲ್ಲ ಅವರಿಗೆ ಹೇಳಿದೆ. ಹಾಗಾದರೆ ಅವನ ಹೊಗೆಯಿಂದ ಆದದ್ದಲ್ಲ ಅಂತ ಬರೆದುಕೊಡುತ್ತೀರಾ ಎಂದು ಕೇಳಿದೆ. ಅವರು ಕನ್ನಡಕ ತೆಗೆದಿಟ್ಟು ಹೇಳಿದರು: "ನೀಲಾ, ಅದನ್ನ ಬರೆದುಕೊಡೋಕೆ ಆಗಲ್ಲ. ಅವನಿಂದಲೇ ಆಯ್ತು ಅಂತಲೂ ಬರೆಯೋಕೆ ಆಗಲ್ಲ. ಬೇರೆಯವರ ಹೊಗೆ ಕುಡಿದೋರಿಗೂ ಅಪಾಯ ಹೆಚ್ಚು, ಅದು ನಿಜ. ಆದ್ರೆ ಈ ಥರದ್ದು ಮನೇಲಿ ಒಬ್ಬರೂ ಸೇದದೆ ಇರೋರಲ್ಲೂ ಬರುತ್ತೆ. ಯಾಕೆ ಬರುತ್ತೆ ಅಂತ ನಮಗಿನ್ನೂ ಗೊತ್ತಿಲ್ಲಮ್ಮ." ಆಮೇಲೆ, ನಿಮ್ಮ ತಮ್ಮ ಈಗಲೂ ಸೇದುತ್ತಾರಾ ಎಂದು ಕೇಳಿದರು. ಗೊತ್ತಿಲ್ಲ ಎಂದೆ. ಬಿಟ್ಟರೆ ಹೊಸದಾಗಿ ತಪ್ಪು ಬೀಳುವುದು ಕಡಿಮೆಯಾಗುತ್ತದೆ, ಬಿದ್ದದ್ದು ಪೂರ್ತಿ ಅಳಿಸಿಹೋಗುವುದಿಲ್ಲ, ಆದರೆ ವರ್ಷ ಕಳೆದಂತೆ ಅಪಾಯ ಇಳಿಯುತ್ತ ಬರುತ್ತದೆ, ಇಷ್ಟನ್ನು ಅವರಿಗೆ ಹೇಳಿ ಎಂದರು. ಹೇಳಿದ್ದೇನೆ.

ಆ ರಿಪೋರ್ಟಿನಿಂದ ನಿನಗಿಂತ ಹೆಚ್ಚು ಉಪಯೋಗವಾದದ್ದು ಅವ್ವನಿಗೆ. ಹದಿನೈದು ಅಕ್ಷರ ಬಿಟ್ಟುಹೋದ ಆ ಜೀನನ್ನೇ ಹಿಡಿದು ತಡೆಯುವ ಒಂದು ಮಾತ್ರೆ ಇದೆ, ದಿನಕ್ಕೆ ಒಂದು. ಸೇದಿದವರ ಗಡ್ಡೆಗೆ ಅದು ಸಾಮಾನ್ಯವಾಗಿ ಹಿಡಿಯುವುದಿಲ್ಲವಂತೆ. ಅಪ್ಪ ಈಗ ಬದುಕಿದ್ದರೂ ಅವನಿಗೆ ಕೊಡುತ್ತಿರಲಿಲ್ಲ. ಮೇ ಮೊದಲ ವಾರ ಶುರು ಮಾಡಿದರು. ಹತ್ತೇ ದಿನಕ್ಕೆ ಕೆಮ್ಮು ಅರ್ಧವಾಯಿತು. ಮುಖದ ತುಂಬ ಮೊಡವೆಯಂತೆ ಗುಳ್ಳೆ ಎದ್ದವು. ಅದು ಮಾತ್ರೆ ಕೆಲಸ ಮಾಡುತ್ತಿರುವ ಲಕ್ಷಣ ಎಂದರು ಡಾಕ್ಟರು. ಅವ್ವ ಕನ್ನಡಿ ನೋಡಿಕೊಂಡು, "ಹದಿನಾರಕ್ಕೆ ಬರದಿದ್ದು ಅರವತ್ತೆಂಟಕ್ಕೆ ಬಂತಲ್ಲೇ ನೀಲಾ" ಎಂದು ಶಿವಾನಿಯ ಮುಲಾಮು ಇಸಿದುಕೊಂಡು ಹಚ್ಚಿಕೊಂಡಳು. ಜುಲೈಯ ಸ್ಕ್ಯಾನಿನಲ್ಲಿ ಗಂಟು ಅರ್ಧಕ್ಕಿಂತ ಚಿಕ್ಕದಾಗಿತ್ತು. ಕೂದಲು ಬೆಳ್ಳಗೆ, ಮೋಟಾಗಿ ಮತ್ತೆ ಬಂತು. ಜೋಳದ ರೊಟ್ಟಿ ತಟ್ಟಲು ಹೋಗಿ ನನ್ನ ಹತ್ತಿರ ಬಯ್ಯಿಸಿಕೊಂಡಳು.

ಅಕ್ಟೋಬರಿನ ಹೊತ್ತಿಗೆ ಸಂಜೆ ನನ್ನ ಕೈ ಹಿಡಿದುಕೊಂಡು ಮೂಲೆಯ ದರ್ಶಿನಿಯವರೆಗೂ ನಡೆಯುವಷ್ಟಾದಳು. ಒಂದು ಕಾಫಿ ತರಿಸಿ ಇಬ್ಬರೂ ಹಂಚಿಕೊಂಡು ಕುಡಿಯುತ್ತಿದ್ದೆವು. ಸಾರ್ವಜನಿಕ ಜಾಗದಲ್ಲಿ ಸೇದಬಾರದೆಂಬ ಕಾನೂನು ಆಗತಾನೇ ಜಾರಿಯಾಗಿ ಅಲ್ಲಿ ಹೊಸ ಬೋರ್ಡು ಹಾಕಿದ್ದರು. ಅವ್ವ ಅದನ್ನು ಒಂದೊಂದೇ ಅಕ್ಷರ ಕೂಡಿಸಿ ಓದಿ, ರುದ್ರ ಈಗ ಎಲ್ಲಿ ನಿಂತುಕೊಂಡು ಸೇದುತ್ತಾನೋ ಎಂದಳು. ಬಯ್ಗುಳದ ಧ್ವನಿಯಲ್ಲಿ ಅಲ್ಲ, ನೀನು ಎಲ್ಲಿ ಊಟ ಮಾಡುತ್ತೀಯೋ ಎಂದು ಕೇಳುವ ಧ್ವನಿಯಲ್ಲಿ. ಅವತ್ತೇ ನಾನು ಅವಳಿಗೆ ರಿಪೋರ್ಟಿನ ವಿಷಯ ಬಿಡಿಸಿ ಹೇಳಿದೆ. ನಿನ್ನ ಕಾಯಿಲೆಯಲ್ಲಿ ಹೊಗೆಯ ಗುರುತು ಸಿಗಲಿಲ್ಲ ಅವ್ವ, ಅದು ಅಪ್ಪನದರಲ್ಲಿ ಇತ್ತು ಎಂದೆ. ಅವಳಿಗೆ ಆಶ್ಚರ್ಯವೇನೂ ಆಗಲಿಲ್ಲ. "ನಿಮ್ಮಪ್ಪಗೆ ನಾ ಎಷ್ಟು ಹೇಳಿದ್ರೂ ಕೇಳ್ಲಿಲ್ಲ" ಎಂದಳು. ಆಮೇಲೆ ಲೋಟದ ತಳದ ಸಕ್ಕರೆ ಬೆರಳಲ್ಲಿ ತೆಗೆಯುತ್ತ, "ಮತ್ತೆ ಅವನಿಗ್ಯಾಕೆ ಹಂಗಂದೆ ನೀನು?" ಎಂದಳು.

ಅವಳಿಗೆ ಗೊತ್ತಿಲ್ಲವೆಂದು ನಾನು ಹತ್ತು ತಿಂಗಳು ತಿಳಿದಿದ್ದೆ. ಆ ದಿನ ಎಕ್ಸ್‌ರೇ ಕೋಣೆಯ ಒಳಗೆ ಇದ್ದವಳು ಅವಳೇ ಅಲ್ಲವೇ, ಬಾಗಿಲು ಓರೆಯಾಗಿತ್ತಂತೆ. ನಾನು ಆಡಿದ ಪ್ರತಿ ಮಾತೂ ಕೇಳಿಸಿತ್ತಂತೆ. ಅಷ್ಟು ದಿನ ಯಾಕೆ ಸುಮ್ಮನಿದ್ದೆ ಎಂದು ಕೇಳಿದೆ. "ನೀನೇ ಬರೆದು ಕರೆಸ್ತೀಯ ಅಂತ ನೋಡ್ತಿದ್ದೆ" ಎಂದಳು, ಎದ್ದು ಸೆರಗು ಕೊಡವಿಕೊಂಡು ಮನೆಯ ಕಡೆ ಹೊರಟಳು.

ಈಗಿನ ಸ್ಥಿತಿ ಹೀಗಿದೆ. ಜನವರಿ ಐದರಂದು ಮತ್ತೆ ಸ್ಕ್ಯಾನ್ ಆಯಿತು. ಬಲಗಡೆಯ ಗಂಟು ದೊಡ್ಡದಾಗಿದೆ, ಎಡಗಡೆ ಎರಡು ಹೊಸ ಚುಕ್ಕೆ, ಬೆನ್ನುಮೂಳೆಯಲ್ಲಿ ಒಂದು. ಈ ಮಾತ್ರೆ ಹೆಚ್ಚು ಜನರಲ್ಲಿ ಒಂದು ವರ್ಷದ ಆಚೀಚೆ ಹಿಡಿದಿರುತ್ತದೆ, ಆಮೇಲೆ ಗಡ್ಡೆಯಲ್ಲಿ ಇನ್ನೊಂದು ತಪ್ಪು ಬಿದ್ದು ಮಾತ್ರೆಗೆ ಬಗ್ಗುವುದಿಲ್ಲ ಎಂದು ಮೊದಲೇ ಹೇಳಿದ್ದರು. ಅವ್ವನದು ಎಂಟು ತಿಂಗಳು ನಡೆಯಿತು. ನೋವಿಗೆ ಬೆನ್ನಿಗೆ ಕರೆಂಟು, ಅಂದರೆ ರೇಡಿಯೇಷನ್, ಕೊಡುತ್ತಾರೆ, ಅದಾದ ಮೇಲೆ ಮತ್ತೆ ಡ್ರಿಪ್ಪೋ ಅಥವಾ ಸುಮ್ಮನೆ ಮನೆಯಲ್ಲಿರುವುದೋ ಅವಳೇ ಹೇಳಬೇಕು. ಅವಳು ಮನೆ ಎಂದಿದ್ದಾಳೆ. ಎಷ್ಟು ದಿನ ಎಂದು ನಾನು ಕೇಳಿದೆ; ಬೇಸಿಗೆ ಕಳೆಯುವುದು ಕಷ್ಟ ಎಂದರು. ಸದ್ಯಕ್ಕೆ ಎದ್ದು ಓಡಾಡುತ್ತಾಳೆ, ಎರಡು ಹೊತ್ತು ಗಂಜಿ ಅಥವಾ ಮೆತ್ತನೆಯ ಅನ್ನ, ಸಂಜೆ ಅರ್ಧ ಲೋಟ ಕಾಫಿ. ಮಧ್ಯಾಹ್ನದ ಹೊತ್ತು ಉಸಿರು ಸ್ವಲ್ಪ ಎಳೆಯುತ್ತದೆ.

ನೀನು ಬರಬೇಕು ಎಂದು ಹೇಳುವ ಬಾಯಿ ನನಗಿಲ್ಲ, ಬರಬೇಡ ಎಂದದ್ದೂ ಇದೇ ಬಾಯಿ. ಆ ದಿನ ಆಡಿದ್ದು ತಪ್ಪು. ರಿಪೋರ್ಟು ಬಂದದ್ದರಿಂದ ತಪ್ಪಾದದ್ದಲ್ಲ. ಅದು ಬೇರೆ ಥರ ಬಂದಿದ್ದರೂ, ಮೂವತ್ತೊಂದರಲ್ಲಿ ಹೊಗೆಯ ಗುರುತೇ ಇದ್ದಿದ್ದರೂ, ಆ ಮಾತು ಆಡಬಾರದಿತ್ತು. ಇದನ್ನು ತಿಳಿಯಲು ನನಗೆ ವರ್ಷ ಹಿಡಿಯಿತು. ಕ್ಷಮಿಸು ಎಂದು ಬರೆದು ಹೊಡೆದುಹಾಕಿದ್ದೇನೆ, ಮೇಲೆ ಗೀಚಿದ್ದು ಅದೇ. ಎದುರಿಗೆ ಹೇಳಬೇಕಾದದ್ದು.

ಶಿವಾನಿ ನಿನಗೆ ನಮಸ್ಕಾರ ಹೇಳಿದ್ದಾಳೆ, ನಿನ್ನ ಭಾವ ನೆನಪು ಹೇಳಿದ್ದಾರೆ. ಮೈ ಕಡೆ ನೋಡಿಕೋ, ಹೊತ್ತು ಹೊತ್ತಿಗೆ ತಿನ್ನು. ಶಿವ ನಿನ್ನನ್ನು ಚೆನ್ನಾಗಿಟ್ಟಿರಲಿ.

ನಿನ್ನ ಅಕ್ಕ,
ನೀಲಾಂಬಿಕಾ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಧೈರ್ಯವಾಗದೆ ಲಕೋಟೆ ಅಂಟಿಸಿ ಮತ್ತೆ ಬಿಚ್ಚಿದ್ದೇನೆ. ದರ್ಶಿನಿಯಿಂದ ಬಂದ ಮರುದಿನ ಅವ್ವನಿಗೆ, ರುದ್ರನಿಗೆ ಕಾಗದ ಹಾಕಿದೆ ಎಂದು ಸುಳ್ಳು ಹೇಳಿದೆ. ಅವಳು ದಿನಾ ಉತ್ತರ ಬಂತೇ ಎಂದು ಕೇಳತೊಡಗಿದಾಗ ನಿನ್ನ ಹೆಸರಿನಲ್ಲಿ ನಾನೇ ಬರೆದು ಓದಿ ಹೇಳಿದೆ. ಹೀಗೆ ಮೂರು ಕಾಗದ ಆಗಿವೆ. ಮೊದಲನೆಯದರಲ್ಲಿ ನಿನಗೆ ಪ್ರೆಸ್ಸಿನ ಹತ್ತಿರವೇ ಕೋಣೆ ಸಿಕ್ಕಿದೆ, ಪಕ್ಕದ ಮನೆಯ ಬೋರಮ್ಮ ಎನ್ನುವವರು ರೊಟ್ಟಿ ಕೊಡುತ್ತಾರೆ. ಎರಡನೆಯದರಲ್ಲಿ ಹೊಸ ವರ್ಷದ ಕ್ಯಾಲೆಂಡರಿನ ಕೆಲಸ ಜಾಸ್ತಿ, ರಜೆ ಇಲ್ಲ. ಮೂರನೆಯದು ಹೋದ ಬುಧವಾರದ್ದು, ಸ್ಕ್ಯಾನ್ ಆದ ಮೇಲಿನದು. ಅದರಲ್ಲಿ ನೀನು ಶಿವರಾತ್ರಿಗೆ ಬರುತ್ತೀಯೆ. ಬೋರಮ್ಮ ಹೇಗಿದ್ದಾಳೆ ಎಂದು ಅವ್ವ ಕೇಳಿದರೆ ಚೆನ್ನಾಗಿದ್ದಾಳೆ ಎನ್ನು. ಆ ಬುಧವಾರ ಅವ್ವ ಕಾಗದ ಕೈಗೆ ಇಸಿದುಕೊಂಡು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು. "ಗದಗಿಗೆ ಹೋದ್ಮೇಲೆ ರುದ್ರನ ಅಕ್ಷರ ನಿನ್ನದರಂಗೆ ದುಂಡಗಾಗಿದೆ" ಎಂದು ಮಡಿಸಿ ವಾಪಸು ಕೊಟ್ಟಳು. ಅಷ್ಟೇ. ನಿನ್ನೆಯಿಂದ ಶಿವರಾತ್ರಿಗೆ ಎಷ್ಟು ದಿನ ಎಂದು ಶಿವಾನಿಯನ್ನು ಕೇಳುತ್ತಿದ್ದಾಳೆ. ಫೆಬ್ರವರಿ ಇಪ್ಪತ್ತಮೂರಕ್ಕೆ ಹಬ್ಬ, ಆಗದಿದ್ದರೆ ಮೊದಲೇ ಬಾ. ಮೂರನೆಯ ಕಾಗದದಲ್ಲಿ ನೀನು ಸಿಗರೇಟು ಬಿಟ್ಟಿದ್ದೀಯೆ ಎಂದೂ ಬರೆದುಬಿಟ್ಟಿದ್ದೇನೆ. ಅದನ್ನು ನಿಜ ಮಾಡುವುದು ಬಿಡುವುದು ನಿನಗೆ ಸೇರಿದ್ದು. ಬರುತ್ತೇನೆ ಎಂದಿರುವುದನ್ನು ಮಾತ್ರ ಸುಳ್ಳು ಮಾಡಬೇಡ ಕಣೋ.